ಔಷಧಿ ಹೊಡೆದು ಎಷ್ಟು ದಿನ ಆಯ್ತು? ತರಕಾರಿ ಆರಿಸೋದ್ರಿಂದ ತೊಳೆಯೋವರೆಗೆ

ನಮ್ಮ ಚಿಕ್ಕಪ್ಪ ಶ್ರೀನಿವಾಸಪುರದ ಕಡೆ ಬದನೆ, ಟೊಮ್ಯಾಟೊ ಬೆಳೀತಾರೆ. ಒಂದ್ಸಲ ಹಬ್ಬಕ್ಕೆ ಹೋದಾಗ ನಾನು ಚೀಲ ಹಿಡ್ಕೊಂಡು ಬದನೆ ಸಾಲಿಗೆ ಇಳಿದೆ, ಅವರು ಪಂಪ್‌ಸೆಟ್ ಹತ್ರದಿಂದಲೇ ಕೂಗಿದ್ರು, "ಲೇ, ಆ ಕಡೆ ಬೇಡ, ನಿನ್ನೆ ಸಾಯಂಕಾಲ ಔಷಧಿ ಹೊಡ್ದಿದೀನಿ, ಈ ಕಡೆ ಸಾಲಲ್ಲಿ ಕಿತ್ಕೋ". ಸರಿ ಅಂತ ಬಂದೆ. ಚೀಲ ತುಂಬಿದ ಮೇಲೆ ಕೇಳ್ದೆ, ಹಂಗಾದ್ರೆ ಚಿಕ್ಕಪ್ಪ ಆ ಸಾಲಿನ ಕಾಯಿ ಯಾವಾಗ ಕೀಳ್ತೀರ ಅಂತ. "ನಾಳೆ ಮಂಡಿಗೆ ಹಾಕ್ಬೇಕಲ್ಲಪ್ಪ" ಅಂದ್ರು, ನನ್ನ ಮುಖ ನೋಡದೆ.

ಅವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಬದನೆಗೆ ಕಾಯಿ ಕೊರಕ ಹುಳ ಬಿದ್ರೆ ಎರಡು ಮೂರು ದಿನಕ್ಕೊಂದು ಸಲ ಕಾಯಿ ಕೀಳ್ತಾ ಇರ್ಬೇಕು, ಹುಳ ಮಾತ್ರ ಕಾಯಿ ಒಳಗೆ ಸೇರ್ಕೊಂಡು ಕೂತಿರುತ್ತೆ, ಒಂದು ತೂತು ಕಂಡ್ರೆ ಮಂಡಿಯಲ್ಲಿ ಕ್ರೇಟ್ ಕ್ರೇಟೇ ಪಕ್ಕಕ್ಕಿಡ್ತಾರೆ, ಅಂಗಡಿಯಲ್ಲಿ ನಾವೂ ಅದನ್ನೇ ಮಾಡೋದು. ಆದ್ರೆ ಅವತ್ತಿಂದ ನನಗೆ ಗೊತ್ತಾಗಿದ್ದು ಏನಂದ್ರೆ ಕೇಳಬೇಕಾದ ಪ್ರಶ್ನೆ "ಔಷಧಿ ಹೊಡೆದಿದ್ದೀರಾ" ಅಲ್ಲ, "ಹೊಡೆದು ಎಷ್ಟು ದಿನ ಆಯ್ತು". ಪ್ರತಿ ಕೀಟನಾಶಕದ ಲೇಬಲ್ ಮೇಲೂ ಹೊಡೆದ ಎಷ್ಟು ದಿನದ ಮೇಲೆ ಕೊಯ್ಲು ಮಾಡ್ಬೇಕು ಅಂತ ಇರುತ್ತೆ, ಬೆಳೆ ಮತ್ತು ಔಷಧಿ ನೋಡ್ಕೊಂಡು ಒಂದಕ್ಕೆ ಒಂದೇ ದಿನ, ಇನ್ನೊಂದಕ್ಕೆ ವಾರಗಟ್ಟಲೆ. ಆ ದಿನಗಳಲ್ಲಿ ಬಿಸಿಲು, ಗಾಳಿ, ಗಿಡದ ಬೆಳವಣಿಗೆ ಎಲ್ಲಾ ಸೇರಿ ವಿಷ ಕಮ್ಮಿ ಆಗುತ್ತೆ. ಆ ದಿನ ಬಿಟ್ಟು ಕಿತ್ತಿದ್ರೆ ಅರ್ಧ ತಲೆನೋವು ಅಲ್ಲೇ ಮುಗೀತು, ಬಿಡದೆ ಕಿತ್ತಿದ್ರೆ ಉಳಿದ ಕೆಲಸ ನಮ್ಮ ಸಿಂಕ್‌ನಲ್ಲಿ.

ಮೊದಲು, ಎಷ್ಟು ಹೆದರಬೇಕು ಅನ್ನೋದು

ವಾಟ್ಸಾಪ್‌ನಲ್ಲಿ ಬರೋದು ಓದಿದ್ರೆ ತರಕಾರಿ ಬಿಟ್ಟು ಬಿಸ್ಕತ್ತು ತಿನ್ನೋದೇ ವಾಸಿ ಅನ್ಸುತ್ತೆ. ಹಂಗಲ್ಲ. ಕೇಂದ್ರ ಕೃಷಿ ಇಲಾಖೆ ದೇಶದ ಬೇರೆ ಬೇರೆ ಮಾರ್ಕೆಟ್‌ಗಳಿಂದ ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡಿಸುತ್ತೆ, 2014-15ರಲ್ಲಿ 20,618 ಸ್ಯಾಂಪಲ್ ನೋಡಿದ್ರು. ಅದರಲ್ಲಿ 18.7% ಸ್ಯಾಂಪಲ್‌ಗಳಲ್ಲಿ ಏನೋ ಒಂದು ಕೀಟನಾಶಕದ ಉಳಿಕೆ ಸಿಕ್ತು, ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಮಿತಿ ದಾಟಿದ್ದು 2.6%. ಅಯ್ಯೋ ಇಷ್ಟೇನಾ ಅನ್ಬೇಡಿ, 12.5% ಸ್ಯಾಂಪಲ್‌ಗಳಲ್ಲಿ ಸಿಕ್ಕಿದ್ದು ಅನುಮತಿ ಇಲ್ಲದ ಔಷಧಿ. ನನ್ನ ಪ್ರಕಾರ ಅದೇ ಜಾಸ್ತಿ ಚಿಂತೆ ಮಾಡ್ಬೇಕಾದ ನಂಬರ್. ಹತ್ತಿಗೆ ಅಂತ ಇರೋದನ್ನ ಬೆಂಡೆಗೆ ಹೊಡೆಯೋದು ಇದೆಲ್ಲಾ ಶುರುವಾಗೋದು ಔಷಧಿ ಅಂಗಡಿಯವನೇ ಡಾಕ್ಟರ್ ಆಗಿರೋ ಕಡೆ.

ಇನ್ನೊಂದು, ವಿಷ ಅಂದ ತಕ್ಷಣ ಎರಡು ಬೇರೆ ಬೇರೆ ವಿಷಯ ಒಂದೇ ಮಾಡ್ಕೊಂಡು ಬಿಡ್ತೀವಿ. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಪ್ರಸಾದ ತಿಂದು 17 ಜನ ಹೋದ್ರಲ್ಲ, ಅದು ಬೇಕಂತಲೇ ಬೆರೆಸಿದ ಕೀಟನಾಶಕ, ಒಂದೇ ಸಲ ದೊಡ್ಡ ಡೋಸ್. ಆರ್ಗನೋಫಾಸ್ಫೇಟ್ ಅನ್ನೋ ಜಾತಿಯ ಔಷಧಿಗಳು ನರಗಳ ಒಂದು ಎನ್‌ಜೈಮ್ ತಡೆದುಬಿಡ್ತವೆ, ಹುಳಕ್ಕೂ ಹಂಗೇ ಮನುಷ್ಯನಿಗೂ ಹಂಗೇ, ಬಾಯಲ್ಲಿ ಜೊಲ್ಲು, ಬೆವರು, ವಾಂತಿ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗೋದು, ಉಸಿರು ಕಟ್ಟೋದು. ನಾವು ದಿನಾ ತಿನ್ನೋ ಹುಳಿಯಲ್ಲಿ ಇರೋದು ಆ ಲೆಕ್ಕದ ಪ್ರಮಾಣ ಅಲ್ಲ, ಕೇಜಿಗೆ ಮಿಲಿಗ್ರಾಂನ ಸಣ್ಣ ಸಣ್ಣ ಪಾಲು. ಅಲ್ಲಿ ಪ್ರಶ್ನೆ ವರ್ಷಗಟ್ಟಲೆ ತಿಂದ್ರೆ ಏನಾಗುತ್ತೆ ಅನ್ನೋದು, ಅದರಲ್ಲೂ ಬಸುರಿಯರಿಗೆ ಮತ್ತು ಪುಟ್ಟ ಮಕ್ಕಳಿಗೆ, ಯಾಕಂದ್ರೆ ಮಗುವಿನ ತೂಕ ಕಮ್ಮಿ, ತೂಕದ ಲೆಕ್ಕದಲ್ಲಿ ತಿನ್ನೋದು ಜಾಸ್ತಿ, ಮೆದುಳು ಇನ್ನೂ ಬೆಳೀತಾ ಇರುತ್ತೆ. ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕವನ್ನ ಯುರೋಪ್‌ನವರು 2020ರಲ್ಲಿ ನಿಲ್ಲಿಸಿದ್ದಕ್ಕೆ ಮಕ್ಕಳ ಮೆದುಳಿನ ವಿಷಯವೂ ಒಂದು ಕಾರಣ.

ನಮ್ಮ ಕರಾವಳಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಅನ್ನ ಹೆಲಿಕಾಪ್ಟರ್‌ನಿಂದ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸುರಿದ್ರು, ದಕ್ಷಿಣ ಕನ್ನಡದಲ್ಲಿ ಕೊಕ್ಕಡ, ಪಟ್ರಮೆ ಕಡೆಯೂ ಅದೇ ಕತೆ. ಪಡ್ರೆಯ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇವರೆಲ್ಲಾ ಇದರ ಬೆನ್ನು ಬಿದ್ದು ಜಗತ್ತಿಗೆ ತಿಳಿಸಿದ್ದು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ನಿಲ್ಲಿಸ್ತು. ಅದು ಊಟದ ಉಳಿಕೆಯಿಂದ ಆಗಿದ್ದಲ್ಲ, ಮನೆ, ಬಾವಿ, ಹಳ್ಳದ ಮೇಲೇ ಬಿದ್ದಿದ್ದು. ಆದ್ರೂ ಹೇಳಿದ್ದು ಯಾಕಂದ್ರೆ "ಅನುಮತಿ ಇದೆ, ಅಂದ್ಮೇಲೆ ಏನೂ ಆಗಲ್ಲ" ಅನ್ನೋ ಮಾತು ಬಂದಾಗ ನನಗೆ ನೆನಪಾಗೋದು ಅದೇ, ಅದಕ್ಕೂ ಆಗ ಅನುಮತಿ ಇತ್ತು.

ಸರಿ, ಈಗ ಕೆಲಸಕ್ಕೆ ಬರೋಣ.

ಹೆಜ್ಜೆ 1: ಚೀಲ ತುಂಬೋವಾಗಲೇ ಅರ್ಧ ಕೆಲಸ

ಎಲ್ಲಾ ತರಕಾರಿಗೂ ಒಂದೇ ಥರ ಹೊಡೆಯಲ್ಲ. ಬದನೆ, ಬೆಂಡೆ, ಹೂಕೋಸು, ಎಲೆಕೋಸು, ಹಸಿಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಟೊಮ್ಯಾಟೊ, ದ್ರಾಕ್ಷಿ, ಕರಿಬೇವು, ಕೊತ್ತಂಬರಿ, ಇವಕ್ಕೆ ಹುಳ ರೋಗದ ಕಾಟ ಜಾಸ್ತಿ, ಔಷಧಿಯೂ ಜಾಸ್ತಿ. ಮೆಣಸಿನಕಾಯಿಗಂತೂ 2021ರಲ್ಲಿ ಹೊಸ ಕಪ್ಪು ಥ್ರಿಪ್ಸ್ ಅನ್ನೋ ಸಣ್ಣ ಹುಳ ಬಂದಾಗ ಬಳ್ಳಾರಿ ರಾಯಚೂರು ಕಡೆ ರೈತರು ಕೈಗೆ ಸಿಕ್ಕಿದ್ದೆಲ್ಲಾ ಹೊಡೆದು ಸೋತ್ರು.

ಇನ್ನೊಂದು ಕಡೆ ನಮ್ಮ ಅಜ್ಜಿಯರ ಕಾಲದ ತರಕಾರಿಗಳಿವೆ, ಹಲಸಿನಕಾಯಿ, ಬಾಳೆದಿಂಡು, ಬಾಳೆಹೂವು, ಸುವರ್ಣಗೆಡ್ಡೆ, ಬೂದುಗುಂಬಳ, ಬಸಳೆ, ನುಗ್ಗೆಸೊಪ್ಪು, ಕೆಸು. ಇವಕ್ಕೆ ಸಾಮಾನ್ಯವಾಗಿ ಅಷ್ಟು ಹೊಡೆಯೋ ಅವಶ್ಯಕತೆಯೇ ಬರಲ್ಲ. ವಾರದಲ್ಲಿ ಎರಡು ದಿನ ಇದರ ಕಡೆ ತಿರುಗಿದ್ರೆ ಯಾವ ಮೆಷಿನ್ನೂ ಬೇಡ. ಮಕ್ಕಳು ತಿನ್ನಲ್ಲ ಅಂತೀರ, ಗೊತ್ತು, ನಮ್ಮನೇಲೂ ಬಾಳೆದಿಂಡು ಅಂದ್ರೆ ತಟ್ಟೆ ತಳ್ತಾರೆ, ಅದಕ್ಕೆ ದೋಸೆ ಹಿಟ್ಟಿಗೆ ರುಬ್ಬಿ ಹಾಕೋದು, ಕೇಳಬೇಡಿ ಹೇಳಬೇಡಿ.

ಒಂದೇ ತರಕಾರಿ ದಿನಾ ತರಬೇಡಿ, ಒಂದೇ ಅಂಗಡಿಯಿಂದಲೂ ಬೇಡ. ಬದಲಾಯಿಸ್ತಾ ಇದ್ರೆ ಒಂದೇ ವಿಷ ದಿನಾ ಒಳಗೆ ಹೋಗೋದು ತಪ್ಪುತ್ತೆ. ಸೀಸನ್ ಇಲ್ಲದಾಗ ಬರೋದನ್ನ ಸ್ವಲ್ಪ ಬಿಡಿ.

ತೂತು ಇದ್ರೆ ಔಷಧಿ ಹೊಡೆದಿಲ್ಲ ಅಂತ ಒಂದು ನಂಬಿಕೆ ಇದೆ, ಅದು ಪೂರ್ತಿ ಸುಳ್ಳು ಅಂತ ಚಿಕ್ಕಪ್ಪನೇ ನಗಾಡ್ತಾರೆ. ತೂತು ಕಂಡ ಮೇಲೇ ತಾನೇ ರೈತ ಪಂಪ್ ಹೆಗಲಿಗೆ ಹಾಕ್ಕೊಳ್ಳೋದು. ಹಾಗೇ ಫಳಫಳ ಹೊಳೆಯೋದೆಲ್ಲಾ ವಿಷ ಅಂತಲೂ ಅಲ್ಲ. ದ್ರಾಕ್ಷಿ ಮೇಲೆ ಬೂದಿ ಥರ ತೆಳುವಾಗಿ ಇರೋದು ಅದರದ್ದೇ ಮೇಣ, ಹಣ್ಣು ತಾಜಾ ಇದೆ ಅನ್ನೋ ಗುರುತು. ನೀಲಿ ಬಿಳಿ ಚುಕ್ಕೆ ಚುಕ್ಕೆಯಾಗಿ ಹನಿ ಒಣಗಿದಂಗೆ, ತೊಟ್ಟಿನ ಹತ್ರ ಕಟ್ಟಿಕೊಂಡಂಗೆ ಇದ್ರೆ ಅದು ಮೈಲುತುತ್ತು ಇಲ್ಲಾ ಬೇರೆ ಸ್ಪ್ರೇ, ಅದನ್ನ ತೊಳೀಬೇಕು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೇ ದ್ರಾಕ್ಷಿ ವಾಪಸ್ ಇಟ್ಟು ಬಂದವರನ್ನ ನೋಡಿದೀನಿ.

ಸಂತೆಯಲ್ಲಿ ಬೆಳೆದವರೇ ಮಾರ್ತಾ ಇದ್ರೆ ಆ ಪ್ರಶ್ನೆ ಕೇಳಿಬಿಡಿ, ಔಷಧಿ ಹೊಡೆದು ಎಷ್ಟು ದಿನ ಆಯ್ತಣ್ಣ ಅಂತ. ಜಗಳದ ಧ್ವನಿಯಲ್ಲಿ ಬೇಡ. ಕೆಲವರು ಸಿಡುಕ್ತಾರೆ, ಕೆಲವರು ನಿಜ ಹೇಳ್ತಾರೆ, "ಅಮ್ಮ, ಕೋಸು ಇವತ್ತು ಬೇಡ, ಸೊಪ್ಪು ತಗೊಳ್ಳಿ" ಅಂದವರಿದ್ದಾರೆ, ಅವರ ಹತ್ರನೇ ಮುಂದಿನ ವಾರನೂ ಹೋಗಿ.

ಹೆಜ್ಜೆ 2: ತೊಳೆಯೋದು, ನಿಧಾನವಾಗಿ ಓದಿ

ಕೀಟನಾಶಕದಲ್ಲಿ ಎರಡು ಥರ. ಒಂದು ಮೇಲೆ ಕೂತಿರೋದು, ಇನ್ನೊಂದು ಗಿಡ ಹೀರ್ಕೊಂಡು ರಸದ ಜೊತೆ ಓಡಾಡೋದು, ಇಮಿಡಾಕ್ಲೋಪ್ರಿಡ್, ಅಸಿಫೇಟ್ ಥರದವು. ಎರಡನೇದನ್ನ ನೀವು ಗಂಗೆಯಲ್ಲಿ ತೊಳೆದ್ರೂ ಪೂರ್ತಿ ಹೋಗಲ್ಲ. ಮೊದಲನೇದು ತುಂಬಾ ಮಟ್ಟಿಗೆ ಹೋಗುತ್ತೆ. ಅದಕ್ಕೇ "100% ತೆಗೆಯುತ್ತೆ" ಅಂತ ಮಾರೋ ಯಾವ ಲಿಕ್ವಿಡ್ಡನ್ನೂ ಮೆಷಿನ್ನನ್ನೂ ನಂಬಬೇಡಿ.

ನಮ್ಮನೇಲಿ ಮಾಡೋದು ಹಿಂಗೆ. ತಂದ ತಕ್ಷಣ ನಲ್ಲಿ ಕೆಳಗೆ ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ ತೊಳೆಯೋದು, ಬರೀ ಬಕೆಟ್‌ನಲ್ಲಿ ಮುಳುಗಿಸಿ ತೆಗೆದ್ರೆ ಅದೇ ನೀರು ಮತ್ತೆ ಅಂಟುತ್ತೆ. ಉಜ್ಜೋದೇ ಮುಖ್ಯ, ಉಳಿದಿದ್ದೆಲ್ಲಾ ಆಮೇಲೆ. ಬೆಂಡೆ, ಸೌತೆ, ಹಾಗಲಕ್ಕೆ ಒಂದು ಮೆತ್ತನೆ ಬ್ರಷ್ ಇಟ್ಕೊಳ್ಳಿ. ತೊಳೆದು ನೀರು ಆರಿಸದೆ ಫ್ರಿಜ್‌ಗೆ ತುರುಕಿದ್ರೆ ಕೊಳೆಯುತ್ತೆ, ಬಟ್ಟೆ ಮೇಲೆ ಹರಡಿ ಒಣಗಿಸಿ, ಸಮಯ ಇಲ್ಲ ಅಂದ್ರೆ ಅಡುಗೆಗೆ ಮುಂಚೆನೇ ತೊಳೀರಿ.

ಆಮೇಲೆ ಅಡುಗೆ ಸೋಡಾ. ಒಂದು ಲೀಟರ್ ನೀರಿಗೆ 10 ಗ್ರಾಂ, ಅಂದ್ರೆ ಎರಡು ಟೀ ಚಮಚ ಮಟ್ಟಸವಾಗಿ, 12ರಿಂದ 15 ನಿಮಿಷ ನೆನೆಸಿ ಮತ್ತೆ ಒಳ್ಳೇ ನೀರಲ್ಲಿ ತೊಳೆಯೋದು. ಇದು ಅಜ್ಜಿ ಮದ್ದಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯವರು 2017ರಲ್ಲಿ ಸೇಬಿನ ಮೇಲೆ ಎರಡು ಕೀಟನಾಶಕ ಹಾಕಿ ನೋಡಿದ್ದು, ಸಿಪ್ಪೆ ಮೇಲಿದ್ದಿದ್ರಲ್ಲಿ ಒಂದು 80%, ಇನ್ನೊಂದು 96% ಹೋಯ್ತು. ಆದ್ರೆ ಅದರಲ್ಲೇ ಇನ್ನೊಂದು ಮಾತಿದೆ, ಅದನ್ನ ಫಾರ್ವರ್ಡ್ ಮಾಡೋರು ಹೇಳಲ್ಲ, ಸಿಪ್ಪೆ ಒಳಗೆ ಇಳಿದಿದ್ದು ಸೋಡಾಕ್ಕೆ ಸಿಗಲಿಲ್ಲ. ಸೇಬಿನ ಎರಡು ಔಷಧಿಗೆ ಆಗಿದ್ದು ಹೂಕೋಸಿನ ಇಪ್ಪತ್ತು ಔಷಧಿಗೂ ಅಷ್ಟೇ ಆಗುತ್ತೆ ಅಂತ ಏನಿಲ್ಲ, ಆದ್ರೂ ಎರಡು ಚಮಚ ಸೋಡಾದಲ್ಲಿ ಕಳ್ಕೊಳ್ಳೋದೂ ಏನಿಲ್ಲ.

ಸೋಡಾ ಇಲ್ವಾ, ಉಪ್ಪು ಸಾಕು, ಲೀಟರಿಗೆ ಒಂದು ದೊಡ್ಡ ಚಮಚ, ಹತ್ತು ಹದಿನೈದು ನಿಮಿಷ. ಹುಣಸೆ ನೀರೂ ಆಗುತ್ತೆ, ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಲ್ಯಾಬ್‌ನವರು ಮಾರ್ಕೆಟ್ ತರಕಾರಿ ಟೆಸ್ಟ್ ಮಾಡಿ ಮಾಡಿ ಜನರಿಗೆ ಹೇಳೋ ಉಪಾಯಗಳಲ್ಲಿ ಅದೂ ಒಂದು, ಕರಿಬೇವಿಗೆ ನಾನು ಅದನ್ನೇ ಮಾಡೋದು. ಕರಿಬೇವಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು. ತೊಗರಿಬೇಳೆ ತೊಳೀತೀವಿ, ಟೊಮ್ಯಾಟೊ ತೊಳೀತೀವಿ, ಕರಿಬೇವು ಮಾತ್ರ ಕಡ್ಡಿಯಿಂದ ಎಳೆದು ಹಂಗೇ ಒಗ್ಗರಣೆಗೆ, ಬಹಳ ಅಂದ್ರೆ ಒಂದ್ಸಲ ನೀರು ಚಿಮುಕಿಸಿ. ಎಲೆ ಚಿಕ್ಕದು, ತೂಕ ಕಮ್ಮಿ, ಮೈ ಎಲ್ಲಾ ಮೇಲ್ಮೈನೇ, ಹೊಡೆದಿದ್ದೆಲ್ಲಾ ಅಲ್ಲೇ ಕೂತಿರುತ್ತೆ. ಕುಂಡದಲ್ಲಿ ಒಂದು ಗಿಡ ಇಟ್ಕೊಂಡ್ರೆ ಈ ಪುರಾಣನೇ ಬೇಡ.

ಸೊಪ್ಪಿಗೆ ಬೇರು ಕತ್ತರಿಸಿ, ಎಲೆ ಬಿಡಿಸಿ, ದೊಡ್ಡ ಪಾತ್ರೆಯಲ್ಲಿ ಮೂರು ನೀರು, ಪ್ರತಿ ಸಲ ಸೊಪ್ಪನ್ನ ಎತ್ತಿ ನೀರು ಚೆಲ್ಲಿ, ಸೊಪ್ಪು ಇರೋವಾಗಲೇ ಬಗ್ಗಿಸಿದ್ರೆ ತಳದ ಕೊಳೆ ವಾಪಸ್ ಮೇಲೇ ಬೀಳುತ್ತೆ. ಎಲೆಕೋಸಿನ ಮೇಲಿನ ಎರಡು ಮೂರು ಎಲೆ ಬಿಸಾಕಿ, ಜಿಪುಣತನ ಬೇಡ, ಸ್ಪ್ರೇ ಬಿದ್ದಿರೋದು ಅಲ್ಲೇ. ಹೂಕೋಸು ಮೊದಲು ಬಿಡಿಸಿ, ಆಮೇಲೆ ಬಿಸಿ ಉಪ್ಪು ನೀರು, ಇಡೀ ಹೂವು ಮುಳುಗಿಸಿದ್ರೆ ಸಂದಿಗೆ ನೀರು ಹೋಗಲ್ಲ. ದ್ರಾಕ್ಷಿ ಗೊಂಚಲಿಂದ ಬಿಡಿಸಿ ಸೋಡಾ ನೀರಲ್ಲಿ. ಹಸಿಮೆಣಸಿನಕಾಯಿ ತೊಟ್ಟು ಮುರಿಯೋದು ತೊಳೆದ ಮೇಲೆ, ಮುಂಚೆ ಮುರಿದ್ರೆ ನೀರು ಒಳಗೆ ಹೋಗುತ್ತೆ.

ಮಾಡಬಾರದ್ದು ಒಂದಿದೆ, ಪಾತ್ರೆ ತೊಳೆಯೋ ಲಿಕ್ವಿಡ್, ಸೋಪು, ಬ್ಲೀಚು ಹಾಕಬೇಡಿ. ಕೊರೋನಾ ಟೈಮಲ್ಲಿ ನಮ್ಮ ಅಪಾರ್ಟ್‌ಮೆಂಟಲ್ಲಿ ಸೇಬಿಗೆ ಸ್ಯಾನಿಟೈಸರ್ ಹೊಡೆದವರೂ ಇದ್ರು. ಹಣ್ಣಿನ ಸಿಪ್ಪೆಯಲ್ಲಿ ಸಣ್ಣ ರಂಧ್ರಗಳಿರ್ತವೆ, ಸೋಪು ಅಲ್ಲೇ ಉಳಿಯುತ್ತೆ, ಒಂದು ಕೆಮಿಕಲ್ ತೆಗೆಯೋಕೆ ಹೋಗಿ ಇನ್ನೊಂದು ತಿಂದಂಗೆ.

ಹೆಜ್ಜೆ 3: ಸಿಪ್ಪೆ, ಬೆಂಕಿ

ಸಿಪ್ಪೆ ತೆಗೆದ್ರೆ ಮೇಲಿನದ್ದು ಹೋಗುತ್ತೆ, ಜೊತೆಗೆ ನಾರೂ ಹೋಗುತ್ತೆ. ಸೌತೆ, ಸೇಬು ಮಕ್ಕಳಿಗೆ ಕೊಡೋವಾಗ ನಾನು ತೆಗೀತೀನಿ, ನಮಗೆ ತೆಗೆಯಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿ ಬಿಡೋಕಾಗಲ್ಲ ಅನ್ನೋರು ಸೋಡಾ ನೀರು, ಬ್ರಷ್ ಎರಡೂ ಮಾಡಿ, ನಾನೂ ಆ ಗುಂಪೇ. ಬೇಯಿಸಿದ್ರೆ ಹಲವು ಔಷಧಿ ಕಮ್ಮಿ ಆಗ್ತವೆ, ಎಲ್ಲಾ ಅಲ್ಲ. ಹಾಗಾಗಿ ಹಸಿಯಾಗಿ ತಿನ್ನೋ ಕೋಸಂಬರಿ, ಸಲಾಡ್, ಚಟ್ನಿಗೆ ಹಾಕೋ ಕೊತ್ತಂಬರಿ ಪುದೀನ, ಇವಕ್ಕೆ ತೊಳೆಯೋ ಕೆಲಸ ಡಬಲ್.

ಹೆಜ್ಜೆ 4: ಬೇಳೆ, ಮಸಾಲೆ

ತರಕಾರಿ ಬಗ್ಗೆ ಇಷ್ಟು ಮಾತಾಡಿ ಡಬ್ಬದ ಕಡೆ ನೋಡೋದೇ ಇಲ್ಲ. ಅಕ್ಕಿ ಬೇಳೆ ಎರಡು ಮೂರು ಸಲ ತೊಳೆದು ನೆನೆಸಿದ ನೀರು ಚೆಲ್ಲಿ. ಹುಳ ಬರುತ್ತೆ ಅಂತ ಗುಳಿಗೆ ಇಡೋ ಅಭ್ಯಾಸ ಇನ್ನೂ ಕೆಲವು ಊರಲ್ಲಿದೆ, ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ, ತೇವ ತಾಗಿದ್ರೆ ಬರೋ ಫಾಸ್ಫೀನ್ ಗ್ಯಾಸ್ ಮನೆಯವರನ್ನೇ ಕೊಲ್ಲುತ್ತೆ, ವಾಸದ ಮನೆಯಲ್ಲಿ ಬೇಡವೇ ಬೇಡ. ಬೇಳೆಗೆ ಹರಳೆಣ್ಣೆ ಸವರಿಡೋದು, ಡಬ್ಬಕ್ಕೆ ಒಣ ಬೇವಿನ ಎಲೆ, ಒಂದು ಬಿಸಿಲು, ಇಷ್ಟು ಸಾಕು. ಮಸಾಲೆ ಪುಡಿ ವಿಷಯದಲ್ಲಿ 2024ರಲ್ಲಿ ಹಾಂಗ್‌ಕಾಂಗ್, ಸಿಂಗಾಪುರದವರು ನಮ್ಮ ದೇಶದ ಕೆಲವು ಪ್ಯಾಕೆಟ್‌ಗಳನ್ನ ಎಥಿಲೀನ್ ಆಕ್ಸೈಡ್ ಅನ್ನೋ ಕ್ರಿಮಿನಾಶಕ ಇದೆ ಅಂತ ವಾಪಸ್ ತೆಗೆಸಿದ್ದು ನೆನಪಿರಬಹುದು. ಧನಿಯಾ, ಮೆಣಸಿನಕಾಯಿ ಇಡಿಯಾಗಿ ತಂದು ಒಣಗಿಸಿ ಹುರಿದು ಮಿಷನ್‌ಗೆ ಹಾಕಿಸಿದ್ರೆ ಏನು ಬಂತು ಅಂತ ಕಣ್ಣಿಗಾದ್ರೂ ಕಾಣುತ್ತೆ, ಸಾರಿನ ಪರಿಮಳನೂ ಬೇರೆ.

ಹೆಜ್ಜೆ 5: ಆರ್ಗ್ಯಾನಿಕ್ ಬೋರ್ಡ್ ನೋಡಿ ದುಡ್ಡು ಕೊಡೋ ಮುಂಚೆ

"ನ್ಯಾಚುರಲ್", "ಫಾರ್ಮ್ ಫ್ರೆಶ್", "ಕೆಮಿಕಲ್ ಇಲ್ಲ" ಅನ್ನೋ ಬೋರ್ಡ್‌ಗೆ ಬೆಲೆ ಇಲ್ಲ, ಅದನ್ನ ಯಾರು ಬೇಕಾದ್ರೂ ಬರ್ಕೋಬಹುದು. ಪ್ಯಾಕೆಟ್ ಆದ್ರೆ ಜೈವಿಕ್ ಭಾರತ್ ಗುರುತು, ಜೊತೆಗೆ ಇಂಡಿಯಾ ಆರ್ಗ್ಯಾನಿಕ್ ಇಲ್ಲಾ ಪಿಜಿಎಸ್ ಇಂಡಿಯಾ ಗುರುತು ನೋಡಿ. ಸಾವಯವದಲ್ಲೂ ಬೇವಿನೆಣ್ಣೆ, ಮೈಲುತುತ್ತು ಥರದ್ದು ಹೊಡೀತಾರೆ, ಪಕ್ಕದ ಹೊಲದಿಂದ ಗಾಳಿಗೂ ಬರುತ್ತೆ, ಅದನ್ನೂ ತೊಳೀಲೇಬೇಕು. ಬಜೆಟ್ ಕಮ್ಮಿ ಇದ್ರೆ ಎಲ್ಲಾ ಸಾವಯವ ತಗೊಳ್ಳೋ ಹಠ ಬೇಡ, ಮೇಲೆ ಹೇಳಿದ ಜಾಸ್ತಿ ಹೊಡೆಯೋ ಐದಾರಕ್ಕೆ ಮಾತ್ರ ಆ ದುಡ್ಡು ಹಾಕಿ, ಈರುಳ್ಳಿ, ಕುಂಬಳಕ್ಕೆಲ್ಲಾ ಬೇಡ. ಆನ್‌ಲೈನಲ್ಲಿ ಸೂಜಿ ಚುಚ್ಚಿ ನೋಡೋ ಮೀಟರ್ ಮಾರ್ತಾರಲ್ಲ, ಅದು ಅಳೆಯೋದು ನೈಟ್ರೇಟ್, ಕೀಟನಾಶಕ ಅಲ್ಲ. ನಿಜವಾದ ಟೆಸ್ಟ್‌ಗೆ ದೊಡ್ಡ ಲ್ಯಾಬ್ ಮೆಷಿನ್ನೇ ಬೇಕು.

ಹೆಜ್ಜೆ 6: ಟೆರೇಸ್ ಗಾರ್ಡನ್ ಇರೋರಿಗೆ ಎರಡು ಮಾತು

ರೈತರನ್ನ ಬೈದು, ನಮ್ಮ ದಾಸವಾಳಕ್ಕೆ ಬಿಳಿ ಹುಳ ಬಂದ ತಕ್ಷಣ ಅಂಗಡಿಗೆ ಹೋಗಿ "ಒಳ್ಳೇ ಸ್ಟ್ರಾಂಗ್ ಕೊಡಿ" ಅನ್ನೋರು ನಾವೇ. ಮೊದಲು ನೀರು ಜೋರಾಗಿ ಹೊಡೆದು ತೊಳೀರಿ, ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯೋಕೆ ಎರಡು ಹನಿ ಸೋಪಿನ ನೀರು, ಸಾಯಂಕಾಲ ಹೊತ್ತು. ಏನೇ ತಂದ್ರೂ ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ, ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು ಹಳದಿ ಮನೆಗೆ ತರಲೇಬೇಡಿ. ನುವಾನ್, ತಿಮೆಟ್ ಅಂತ ಹಳೇ ಹೆಸರಲ್ಲಿ ಜನ ಕೇಳ್ತಾರೆ, ಅದರೊಳಗಿನ ಡೈಕ್ಲೋರ್ವಾಸ್, ಫೋರೇಟ್ ಎರಡೂ 2020ರ ಕೊನೆಗೇ ಬಂದ್ ಆಗಿವೆ.

ಹೆಜ್ಜೆ 7: ಖಾಲಿ ಬಾಟಲಿ

ಇದನ್ನ ಕೊನೆಗೆ ಇಟ್ಟಿದ್ದು ಕಮ್ಮಿ ಅಂತಲ್ಲ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ತೀರಿಕೊಂಡ್ರು, ಅಡುಗೆ ಎಣ್ಣೆಯಲ್ಲಿ ಇದ್ದಿದ್ದು ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ. ಹಳ್ಳಿ ಮನೆಗಳಲ್ಲಿ ಔಷಧಿ ಕ್ಯಾನ್ ತೊಳೆದು ನೀರಿಗೆ, ಸೀಮೆಎಣ್ಣೆಗೆ ಇಡೋದು, ಉಳಿದ ಔಷಧಿಯನ್ನ ಜ್ಯೂಸ್ ಬಾಟಲಿಗೆ ಹಾಕಿ ಅಟ್ಟದ ಮೇಲಿಡೋದು ಇವತ್ತಿಗೂ ಇದೆ, ನಮ್ಮ ಚಿಕ್ಕಪ್ಪನ ಮನೆಯಲ್ಲೂ ಇತ್ತು, ಜಗಳ ಮಾಡಿ ತೆಗೆಸಿದ್ದು. ಖಾಲಿ ಕ್ಯಾನಿಗೆ ತೂತು ಹಾಕಿಬಿಡಿ, ಯಾರೂ ಮತ್ತೆ ಬಳಸದ ಹಂಗೆ.

ಯಾರಾದ್ರೂ ಕುಡಿದ್ರು, ಇಲ್ಲಾ ಸ್ಪ್ರೇ ಮಾಡಿ ಬಂದು ಬೆವರಿ ವಾಂತಿ ಮಾಡ್ಕೊಳ್ತಿದ್ದಾರೆ ಅಂದ್ರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋ ಸಾಹಸ ಬೇಡ, ಅದು ಶ್ವಾಸಕೋಶಕ್ಕೆ ಇಳಿದ್ರೆ ಇನ್ನೂ ಕಷ್ಟ. ಕೈಗೆ ಗ್ಲೌಸೋ ಪ್ಲಾಸ್ಟಿಕ್ ಕವರೋ ಹಾಕ್ಕೊಂಡು ಅವರ ಬಟ್ಟೆ ಬಿಚ್ಚಿಸಿ, ಮೈ ಸೋಪು ನೀರಲ್ಲಿ ತೊಳೆದು 108ಕ್ಕೆ ಫೋನ್ ಮಾಡಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ಅದನ್ನ ಈಗಲೇ ಸೇವ್ ಮಾಡ್ಕೊಳ್ಳಿ. ಹೋಗೋವಾಗ ಆ ಬಾಟಲಿನೂ ಜೊತೆಗೆ ತಗೊಂಡು ಹೋಗಿ, ಯಾವ ವಿಷ ಅಂತ ಗೊತ್ತಾದ್ರೆ ಡಾಕ್ಟರ್‌ಗೆ ಯಾವ ಇಂಜೆಕ್ಷನ್ ಅನ್ನೋದು ಬೇಗ ಗೊತ್ತಾಗುತ್ತೆ, ಲೇಬಲ್ ಮಾತ್ರ ಹರಿದಿರಬಾರದು.